ಎಮ್ಮೆ ಕಾರ್ಡಿನ ಒತ್ತಕ್ಷರ

ಬಸವಕಲ್ಯಾಣದಲ್ಲಿ ಬಿಸಿಎ ಮುಗಿಸಿದ ಮೇಲೆ ನಾನು ಮೊದಲು ಸಾಫ್ಟ್‌ವೇರ್ ಬರೆದುಕೊಟ್ಟದ್ದು ಹುಮನಾಬಾದಿನ ಒಂದು ದನದ ದವಾಖಾನೆಗೆ. ದನದ ಕಿವಿಗೆ ಹಾಕಿದ ಹಳದಿ ಬಿಲ್ಲೆಯನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಲಸಿಕೆಯ ಕಾರ್ಡು ಕನ್ನಡದಲ್ಲಿ ಪ್ರಿಂಟಾಗಿ ಬರುತ್ತಿತ್ತು. ಒಂದು ದಿನ ಅಲ್ಲಿಯ ಡಾಕ್ಟರು ಫೋನ್ ಮಾಡಿದರು.

"ಹೊಸಾ ಮೊಬೈಲ್ ತಗೊಂಡೀನ್ರಿ. ಇದ್ರಾಗ ಬಿಲ್ಲಿ ಓದವಲ್ದು."

ಯಾರೋ ಬರೆದಿಟ್ಟ ಸಿದ್ಧ ಕೋಡಿಗೆ ನಾವು ಲೈಬ್ರರಿ ಎನ್ನುತ್ತೇವೆ. ಸ್ಕ್ಯಾನ್ ಮಾಡುವ ಲೈಬ್ರರಿಯ ಹೊಸ ಆವೃತ್ತಿ ಹಾಕಲು ಹೋದೆ. ಅದಕ್ಕೂ ಪ್ರಿಂಟ್ ಮಾಡುವ ಲೈಬ್ರರಿಗೂ ಮೂರನೆಯದೊಂದು ಲೈಬ್ರರಿ ಬೇಕಿತ್ತು. ಸ್ಕ್ಯಾನಿನದು ಅದರ ಹೊಸ ಆವೃತ್ತಿಯೇ ಬೇಕೆಂದಿತು, ಪ್ರಿಂಟಿನದು ಹಳೆಯದೇ ಬೇಕೆಂದಿತು. ಪರದೆ ತುಂಬ ಎಚ್ಚರಿಕೆ ಬಂದರೂ ಲೆಕ್ಕಿಸದೆ ಹೊಸದನ್ನು ಕೂರಿಸಿದೆ. ಬಿಲ್ಲೆ ಓದಿತು. ಅದೇ ಖುಷಿಯಲ್ಲಿ ಕಳಿಸಿಬಿಟ್ಟೆ, ಕಾರ್ಡು ತೆಗೆದು ನೋಡಲಿಲ್ಲ.

ಮರುದಿನ ದವಾಖಾನೆಗೆ ಹೋದಾಗ ದುಬಲಗುಂಡಿಯ ಹೆಂಗಸೊಬ್ಬರು ಕಾರ್ಡು ಹಿಡಿದು ನಿಂತಿದ್ದರು.

"ಎಮ್ಮೆದಾಗಿನ ಒತ್ತಕ್ಷರ ಎಲ್ಲಿ ಹೋತ್ರಿ ಅಕ್ಕಾ? ಮಗಳ ಕಡಿಂದ ಈಗೀಗ ಓದೋದು ಕಲ್ಯಾಕತ್ತೀನಿ. ನಂದ ತಪ್ಪೇನೋ ಅಂದ್ಕೊಂಡೆ."

ನೋಡಿದೆ. ಒತ್ತು, ಕೊಂಬುಗಳೆಲ್ಲ ಅಕ್ಷರಗಳಿಂದ ಕಳಚಿ ಪಕ್ಕಪಕ್ಕದಲ್ಲಿ ಬಿದ್ದಿದ್ದವು.

"ನಿಮ್ದಲ್ರಿ, ತಪ್ಪು ನಂದ ಅದ," ಎಂದೆ.

ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಹಳೆಯ ಆವೃತ್ತಿಗೆ ಮರಳಿದರೆ ಕಾರ್ಡು ಸರಿ, ಬಿಲ್ಲೆ ಓದದು. ಬೇರೆಯವರ ಕೋಡು ಮುಟ್ಟಲು ನನಗೆ ಮೊದಲಿನಿಂದ ಹೆದರಿಕೆ. ಆದರೂ ಪ್ರಿಂಟಿನ ಲೈಬ್ರರಿಯನ್ನು ಬಿಚ್ಚಿ ಸಾಲುಸಾಲಾಗಿ ಓದತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು: ಅಕ್ಷರ ಜೋಡಿಸುವ ಒಂದು ಫಂಕ್ಷನ್ನಿನ, ಅಂದರೆ ಕೋಡಿನ ತುಣುಕಿನ, ಹೆಸರು ಆ ಮೂರನೆಯ ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಬದಲಾಗಿತ್ತು. ಅದು ಸಿಗದೆ ಪ್ರಿಂಟಿನ ಲೈಬ್ರರಿ ಅಕ್ಷರಗಳನ್ನು ಬಿಡಿಬಿಡಿಯಾಗಿ ಇಡುತ್ತಿತ್ತು. ಮೂರು ಸಾಲು ತಿದ್ದಿದೆ, ಬಿಲ್ಲೆ ಸ್ಕ್ಯಾನ್ ಮಾಡಿ ಕಾರ್ಡು ತೆಗೆದೆ.

ಆ ಹೆಂಗಸು ಅಲ್ಲಿವರೆಗೂ ಕಾದಿದ್ದರು. ಬೆರಳಿಟ್ಟು ಓದಿದರು. "ಎ... ಮ್ಮೆ. ಹಾಂ, ಈಗ ಬರೋಬರ್ ಅದ ನೋಡ್ರಿ."

"ಇನ್ನ ಆಡು, ಕುರಿಗೂ ಇದನ್ನ ಮಾಡಿಕೊಡ್ರಿ," ಎಂದರು ಡಾಕ್ಟರು, ಚಹಾ ತರಿಸುತ್ತ.

ಆ ತಿದ್ದುಪಡಿಯನ್ನು ಎಮ್ಮೆ ಕಾರ್ಡಿನ ಫೋಟೋ ಜೊತೆ ಪ್ರಿಂಟಿನ ಲೈಬ್ರರಿ ಬರೆದವರಿಗೂ ಕಳಿಸಿದೆ. ಯಾವುದೋ ದೂರದೇಶದವರು, ಉತ್ತರ ಬರುತ್ತದೆಂದುಕೊಂಡಿರಲಿಲ್ಲ. ಒಂದು ವಾರಕ್ಕೆ, ನಾನು ಬಸ್ಸಿನಲ್ಲಿದ್ದಾಗ, ಬಂತು. ತಿದ್ದಿದ್ದನ್ನು ಸೇರಿಸಿಕೊಂಡಿದ್ದೇವೆ, ಇದು ಯಾವ ಲಿಪಿ, ಬಹಳ ಚೆಂದ ಇದೆ ಎಂದು ಬರೆದಿದ್ದರು. ಬಸ್ಸಿನಲ್ಲಿ ಕೂತೇ ಇಡೀ ಕನ್ನಡ ವರ್ಣಮಾಲೆ ಬರೆದು ಕಳಿಸಿದೆ.