ಕೂಲ್ ಡೇಲೈಟ್ ಎಂಬ ಬಿಸಿಲು

ಮನೆಗೆ ಏನೇ ಬರಲಿ, ಅದರ ಡಬ್ಬಿಯ ಮೇಲಿರುವುದನ್ನೆಲ್ಲ ಓದುವ ಚಟ ನನಗೆ. ಚಹಾಪುಡಿಯ ಪೊಟ್ಟಣ, ಸೊಳ್ಳೆಬತ್ತಿ, ಕುಕ್ಕರಿನ ರಬ್ಬರು, ಯಾವುದನ್ನೂ ಬಿಡುವವಳಲ್ಲ. ಹಿರೇವಡ್ಡಟ್ಟಿಯ ತವರಿನಿಂದ ದಿನಾ ಬಸ್ಸಿನಲ್ಲಿ ಮುಂಡರಗಿಗೆ ಹೋಗಿ ಪಿಯುಸಿ ಸೈನ್ಸ್ ಮುಗಿಸಿದವಳು ನಾನು. ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಸೈನ್ಸಿಗೆ ಬೇರೆ ಕೆಲಸ ಸಿಗಲಿಲ್ಲ. ಹಾಗಾಗಿ ಡಬ್ಬಿ ಓದುತ್ತಿದ್ದೆ, ಓದಿದ್ದನ್ನು ಮನೆಯವರಿಗೆಲ್ಲ ಹೇಳುತ್ತಿದ್ದೆ, ಅವರು ಕಿವಿಗೊಡದಿದ್ದರೆ ಸಿಟ್ಟಾಗುತ್ತಿದ್ದೆ.

ನಮ್ಮದು ಕುಣಿಮಗ್ಗದ ಮನೆ. ನೆಲದಲ್ಲಿ ತೋಡಿದ ಕುಣಿಗೆ ಕಾಲಿಳಿಸಿ ಕೂತು ನೇಯುವುದು. ಕಟ್ಟಿಸಿದ ಹಿರಿಯರು ಕಿಟಕಿ ಇಡುವುದರಲ್ಲಿ ಬಹಳ ಜಿಪುಣತನ ಮಾಡಿದ್ದಾರೆ, ನಡುಹಗಲಲ್ಲೂ ಮಗ್ಗದ ಕೋಣೆಗೆ ದೀಪ ಬೇಕು. ನೇಯುವವರು ನಮ್ಮ ಯಜಮಾನರು. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುವುದು ನನ್ನ ಕೆಲಸ. ಬಣ್ಣ ಆರಿಸುವುದು ಮಾತ್ರ ಅತ್ತೆಯದು, ಅದರಲ್ಲಿ ಯಾರೂ ಕೈ ಹಾಕುವಂತಿರಲಿಲ್ಲ.

ಅದೇನು ದೊಡ್ಡ ಕೆಲಸ ಎಂದು ಮೊದಮೊದಲು ನನಗೂ ಅನಿಸಿತ್ತು. ಆದರೆ ಒಂದು ಸೀರೆಗೆ ಬೇಕಾದ ನೂಲಿನ ಲಡಿಗಳೆಲ್ಲ ಒಂದೇ ದಿನ ಬಣ್ಣದ ಹಂಡೆಗೆ ಇಳಿದಿರುವುದಿಲ್ಲ. ಸೋಮವಾರದ ಕೆಂಪು ಬೇರೆ, ಗುರುವಾರದ ಕೆಂಪು ಬೇರೆ. ಯಾವ ಲಡಿಗೆ ಯಾವುದು ಜೋಡಿ ಎಂದು ನೋಡಿ ಕೊಡಬೇಕು. ತಪ್ಪಿದರೆ ಸೀರೆಯ ನಡುವೆ ಪಟ್ಟೆ ಬೀಳುತ್ತದೆ. ಅತ್ತೆ ಲಡಿಗಳನ್ನು ಹೊಸ್ತಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ಒಂದು ಸಲ ನೋಡುತ್ತಿದ್ದರು, ಅಷ್ಟೇ. "ಇದು ದಾಳಿಂಬರಿ ಕಾಳು, ಇದು ದಾಳಿಂಬರಿ ಸಿಪ್ಪಿ. ಎರಡೂ ಕೂಡಸಬ್ಯಾಡ್ರಿ," ಎನ್ನುತ್ತಿದ್ದರು. ನನ್ನ ಕಣ್ಣಿಗೆ ಎರಡೂ ಕೆಂಪೇ. ಓಣಿಯ ಉಳಿದ ಮಗ್ಗದವರೂ ತಮ್ಮ ಲಡಿಗಳನ್ನು ತಂದು ಅತ್ತೆಗೆ ತೋರಿಸಿಕೊಂಡು ಹೋಗುತ್ತಿದ್ದರು. ಆಗ ಅತ್ತೆಯ ಮುಖ ನೋಡಬೇಕು, ದೊಡ್ಡ ಕಚೇರಿಯ ಸಾಹೇಬರು ಸಹಿ ಹಾಕುವಾಗ ಇರುವಂಥ ಮುಖ.

ಹಳೇ ಕಾಲದ ತಂತಿ ಬಲ್ಬುಗಳನ್ನು ಅತ್ತೆ ಟ್ರಂಕಿನಲ್ಲಿ ಕೂಡಿಟ್ಟಿದ್ದರು. ಅದರಲ್ಲಿ ಕೊನೆಯದೂ ಸುಟ್ಟು ಹೋದಾಗ ಗದಗ ಪೇಟೆಗೆ ಹೋದವಳು ನಾನು. ಅಂಗಡಿಯ ಚಾಚಾ "ಪಿನ್ನಿಂದೋ, ತಿರುವೋದೋ?" ಎಂದು ಕೇಳಿ, ಪಿನ್ನಿನ ಎರಡು ಎಲ್ಇಡಿ ಬಲ್ಬು ಮುಂದಿಟ್ಟರು. ಒಂದರ ಡಬ್ಬಿಯ ಮೇಲೆ ಮೂರು ಸಾವಿರ ಕೆ ಎಂದಿತ್ತು, ಇನ್ನೊಂದರ ಮೇಲೆ ಆರೂವರೆ ಸಾವಿರ ಕೆ. ಕೆ ಎಂದರೆ ಕೆಲ್ವಿನ್ ಎಂದು ನನಗೆ ಗೊತ್ತು, ಸೈನ್ಸ್ ಓದಿದವಳಲ್ಲವೇ! ಆದರೆ ಕೆಲ್ವಿನ್ನಿಗೂ ಬಲ್ಬಿಗೂ ಏನು ಸಂಬಂಧ ಎಂಬುದು ಗೊತ್ತಿರಲಿಲ್ಲ. ಹೆಚ್ಚಿದ್ದದ್ದೇ ಛಲೋ ಇರಬೇಕೆಂದು ಆರೂವರೆ ಸಾವಿರದ್ದನ್ನು ತಂದೆ. ಚಾಚಾನನ್ನು ಕೇಳಬಹುದಿತ್ತು. ಕೇಳಿದರೆ ನನ್ನ ಸೈನ್ಸಿನ ಮರ್ಯಾದೆ ಹೋಗುತ್ತಿತ್ತು.

"ಎಷ್ಟ ಕ್ಯಾಂಡಲಿಂದ ತಂದಿ?" ಎಂದರು ಅತ್ತೆ. ನಮ್ಮ ಕಡೆಯ ಹಿರಿಯರ ಬಾಯಲ್ಲಿ ವ್ಯಾಟ್ ಎಂಬುದಿಲ್ಲ. ನಲವತ್ತು ಕ್ಯಾಂಡಲ್, ನೂರು ಕ್ಯಾಂಡಲ್, ಮಲಗುವ ಕೋಣೆಗೆ ಜೀರೋ ಕ್ಯಾಂಡಲ್.

"ಒಂಬತ್ರಿ," ಎಂದೆ.

"ಒಂಬತ್ತ? ಜೀರೋಕ್ಕ ಒಂಬತ್ತ ಹೆಚ್ಚು ಅಷ್ಟ. ಇದರಾಗ ನೇಯೂದು ಒತ್ತಟ್ಟಿಗಿರ್ಲಿ, ಮಗ್ಗ ಎಲ್ಲೈತಿ ಅಂತ ಹುಡುಕಬೇಕಾಕ್ಕೈತಿ."

"ಅತ್ತಿ, ವ್ಯಾಟ್ ಅಂದ್ರ ಅದು ತಿನ್ನೂ ಕರೆಂಟ್ರಿ. ಕೊಡೂ ಬೆಳಕಿಗೆ ಲ್ಯೂಮೆನ್ ಅಂತಾರ. ಇದು ಕಮ್ಮಿ ತಿಂದು ಹೆಚ್ಚ ಕೊಡತೈತಿ."

"ಹಂಗಂದ್ರ ಎಮ್ಮಿಗೆ ಹಾಕೂ ಮೇವು ಬ್ಯಾರೆ, ಹಿಂಡೂ ಹಾಲು ಬ್ಯಾರೆ ಅನ್ನು."

ಇಷ್ಟು ಚೆನ್ನಾಗಿ ನಮ್ಮ ಕಾಲೇಜಿನಲ್ಲೂ ಯಾರೂ ಹೇಳಿರಲಿಲ್ಲ. ಯಜಮಾನರು ಬಲ್ಬು ಸಿಕ್ಕಿಸಿ ಗುಂಡಿ ಒತ್ತಿದರು. ಕೋಣೆಯ ಮೂಲೆಮೂಲೆಯ ಜೇಡರ ಬಲೆ ಕೂಡ ಕಾಣುವಷ್ಟು ಬೆಳಕಾಯಿತು. ನನಗೆ ಇನ್ನೂ ಹುರುಪು ಬಂತು. ಡಬ್ಬಿ ತಿರುಗಿಸಿ ನೋಡಿದರೆ ದೊಡ್ಡ ಅಕ್ಷರದಲ್ಲಿ ಕೂಲ್ ಡೇಲೈಟ್ ಎಂದು ಬರೆದಿತ್ತು. ಡೇಲೈಟ್ ಎಂದರೆ ಹಗಲ ಬೆಳಕು, ಕೂಲ್ ಎಂದರೆ ತಂಪು. ಅತ್ತೆಗೆ ಆಗಲೇ ಮೊಣಕಾಲು ನೋವು, ಹೊಸ್ತಿಲಿಗೆ ಎದ್ದು ಹೋಗಿ ಬರುವಾಗ ಗೋಡೆ ಹಿಡಿಯುತ್ತಿದ್ದರು. ಅದನ್ನು ನೋಡಿ ನೋಡಿ ನನಗೆ ಬೇಸರವಾಗಿತ್ತು.

"ಅತ್ತಿ, ಇನ್ನ ಮ್ಯಾಲೆ ಹೊಸ್ತಿಲತನಾ ಏಳೂದು ಬ್ಯಾಡ್ರಿ. ಬಿಸಲ ಒಳಗ ಬಂದೈತಿ. ಡಬ್ಬಿ ಮ್ಯಾಲೆ ಬರದಾರ ನೋಡ್ರಿ."

ಅತ್ತೆ ಬಲ್ಬನ್ನು ನೋಡಿದರು, ನನ್ನನ್ನು ನೋಡಿದರು. "ನೀ ಓದಿದಾಕಿ. ಖರೆ ಇರತೈತಿ," ಎಂದರು. ಅವರು ನನ್ನ ಓದನ್ನು ಒಪ್ಪಿಕೊಂಡದ್ದು ಅದೇ ಮೊದಲು. ಆ ದಿನ ಇಡೀ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮುಂದಿನ ಸೀರೆ ದಾಳಿಂಬರಿ ಕೆಂಪಿನದು. ನಡುವೆ ಲಡಿ ಮುಗಿದಾಗ ಅತ್ತೆ ಬಲ್ಬಿನ ಕೆಳಗೇ ಕೂತು ಇನ್ನೊಂದನ್ನು ಆರಿಸಿ ಕೊಟ್ಟರು. ಸೀರೆ ಮುಗಿಯಿತು. ನಮ್ಮ ಸೀರೆಗಳನ್ನು ಒಯ್ಯುವ ಲಕ್ಷ್ಮೇಶ್ವರದ ಸಾವಕಾರರು ಬಂದು, ಕಟ್ಟೆಯ ಮೇಲೆ ಬಿಸಿಲಿನಲ್ಲಿ ಅದನ್ನು ಹರವಿದರು. ಸೆರಗಿನಿಂದ ಎರಡು ಮೊಳ ಕೆಳಗೆ ಕೆಂಪು ಬದಲಾಗಿತ್ತು. ಗೆರೆ ಕೊರೆದ ಹಾಗೆ ಅಲ್ಲಿಂದಾಚೆ ಬೇರೆಯದೇ ಸೀರೆ. ನಾನು ಸಹ ಕಾಣಬಲ್ಲಷ್ಟು ಬೇರೆ.

ಸಾವಕಾರರು ಬೈಯಲಿಲ್ಲ. ಬೈದಿದ್ದರೆ ಅತ್ತೆ ನಾಲ್ಕು ಮಾತು ತಿರುಗಿ ಕೊಟ್ಟು ಸುಮ್ಮನಾಗುತ್ತಿದ್ದರು. ಅವರು ಬಹಳ ಮೆತ್ತಗೆ, "ಅವ್ವಾರ, ವಯಸ್ಸ ಆತು. ಇನ್ನ ಬಣ್ಣದ ಕೆಲಸಾ ಸೊಸಿಗೆ ಬಿಟ್ಟಬಿಡ್ರಿ," ಎಂದರು. ಅತ್ತೆ ಸೀರೆಯನ್ನು ಮಡಚಿಕೊಂಡು ಒಳಗೆ ಹೋದರು.

ಮರುದಿನ ಲಡಿಗಳ ಬುಟ್ಟಿಯನ್ನು ನನ್ನ ಮುಂದೆ ಇಟ್ಟು, "ನನ್ನ ಕಣ್ಣ ಮುಗದ್ವು. ಇನ್ನ ನೀನ ನೋಡು," ಎಂದರು. ಗದಗಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಏನೂ ತೊಂದರೆ ಇಲ್ಲ ಎಂದರು. ಹೊರಗೆ ಬಂದು ಆಟೋ ಹತ್ತುವಾಗ ಅತ್ತೆ, "ಡಾಕ್ಟರ ಬರೇ ಕರಿ ಅಕ್ಷರ ತೋರಿಸಿದ. ಕೆಂಪ ಎಲ್ಲಿ ತೋರಿಸಿದ?" ಎಂದರು.

ಸುಳ್ಳು ಯಾಕೆ ಹೇಳಲಿ, ಮೊದಲ ಕೆಲವು ದಿನ ನನಗೆ ಒಳಗೊಳಗೇ ಖುಷಿಯಾಗಿತ್ತು. ಬಣ್ಣದ ಬುಟ್ಟಿ ನನ್ನ ಕೈಗೆ ಬಂದಿತ್ತು. ಅದೃಷ್ಟಕ್ಕೆ ಆಗ ಬಂದ ನೂಲೆಲ್ಲ ಒಂದೇ ಹಂಡೆಯದು, ತಪ್ಪುವ ದಾರಿಯೇ ಇರಲಿಲ್ಲ. ಆದರೆ ಅತ್ತೆ ಮಗ್ಗದ ಕೋಣೆಗೆ ಬರುವುದನ್ನೇ ಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ಓಣಿಯವರು ಲಡಿ ತಂದರೆ ತಲೆ ಎತ್ತದೆ, "ಸೊಸಿನ್ನ ಕೇಳ್ರಿ," ಎನ್ನುತ್ತಿದ್ದರು. ಸ್ವಲ್ಪ ದಿನಕ್ಕೆ ಅವರೂ ಬರುವುದನ್ನು ಬಿಟ್ಟರು. ನಾನು ಡಬ್ಬಿ ಓದಿ ಏನಾದರೂ ಹೇಳಿದರೆ ಮೊದಲಿನ ಹಾಗೆ ತಿರುಗಿ ಮಾತಾಡದೆ "ಹೂಂ" ಎಂದು ಬಿಡುತ್ತಿದ್ದರು. ಆ ಹೂಂ ಕೇಳಿದರೆ ನನಗೆ ಸಂಕಟವಾಗುತ್ತಿತ್ತು.

ಹೀಗೆ ಎರಡು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಹೊಸ ನೂಲು ಬಂತು. ಬಲ್ಬಿನ ಕೆಳಗೆ ಕೂತು ಎರಡು ಕೆಂಪು ಲಡಿಗಳನ್ನು ಜೋಡಿ ಮಾಡಿ, ಇವು ಅಕ್ಕತಂಗಿಯರೇ ಎಂದುಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಕೂತು ಏನು ಮಾಡುವುದು? ಲಡಿಗಳನ್ನು ಹಿಡಿದು ಹೊಸ್ತಿಲಿಗೆ ಬಂದೆ. ಬಿಸಿಲಿಗೆ ಬಿದ್ದ ಕೂಡಲೇ ಎರಡೂ ಬೇರೆ ಬೇರೆ! ಒಂದು ತುಸು ಕಂದು, ಇನ್ನೊಂದು ನೆತ್ತರಿನಂತೆ ಕೆಂಪು. ಕರೆಂಟು ಬಂತು. ಒಳಗೆ ಓಡಿದೆ, ಎರಡೂ ಒಂದೇ. ಹೊರಗೆ ಬಂದೆ, ಎರಡು. ನಾಲ್ಕೈದು ಸಲ ಹೀಗೆ ಓಡಾಡಿದ್ದನ್ನು ನೋಡಿ ಯಜಮಾನರು ಲಾಳಿ ನಿಲ್ಲಿಸಿ, "ಏನ ನಡಸೀಯ?" ಎಂದರು. ನಾನು ಲಡಿಗಳನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದೆ. ನನಗೆ ಇನ್ನೂ ಮೂವತ್ತನಾಲ್ಕು, ನನ್ನ ಕಣ್ಣಂತೂ ಮುಗಿದಿರಲಿಲ್ಲ.

ಆ ಸಂಜೆಯೇ ಖಾಲಿ ಡಬ್ಬಿ ಹಿಡಿದುಕೊಂಡು ಚಾಚಾನ ಅಂಗಡಿಗೆ ಹೋದೆ. ಈ ಸಲ ಮರ್ಯಾದೆ ಗಿರ್ಯಾದೆ ನೋಡದೆ ಎಲ್ಲವನ್ನೂ ಕೇಳಿದೆ. ಚಾಚಾ ಕನ್ನಡಕ ಏರಿಸಿ ಡಬ್ಬಿಯ ಮೇಲೆ ಬೆರಳಿಟ್ಟರು.

"ಕೆಲ್ವಿನ್ ಅಂದ್ರ ಜೋರಲ್ಲವಾ, ಬೆಳಕಿನ ಬಣ್ಣ. ಕಮ್ಮಿ ಇದ್ರ ಹಳದಿ, ಹೆಚ್ಚಿದ್ರ ನೀಲಿ ಕೂಡಿದ ಬಿಳುಪು. ಡೇಲೈಟ್ ಅಂತ ಬರದದ್ದು ಬಿಸಲಿನಂಗ ಬೆಳ್ಳಗ ಕಾಣತೈತಿ ಅಂತ ಅಷ್ಟ. ಬಿಸಲಲ್ಲ ಅದು. ಇಲ್ಲಿ ನೋಡು, ಸಿಆರ್‌ಐ ಎಪ್ಪತ್ತು ಐತಿ."

ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಅದಿತ್ತು. ನಾನು ಓದದೆ ಬಿಟ್ಟ ಒಂದೇ ಒಂದು ಸಾಲು.

"ಅದೇನ್ರಿ ಚಾಚಾ?"

"ಬಣ್ಣಾನ ಎಷ್ಟ ಖರೆ ತೋರಸತೈತಿ ಅನ್ನೂದರ ಮಾರ್ಕು. ಬಿಸಲಿಗೆ ನೂರಕ್ಕ ನೂರು. ನಿಮ್ಮ ಹಳೇ ತಂತಿ ಬಲ್ಬಿಗೂ ಬರೋಬ್ಬರಿ ಅಷ್ಟ. ಇಂಥಾ ಅಗ್ಗದ ಎಲ್ಇಡಿ ಕೆಂಪಿನಾಗ ಭಾಳ ಮೋಸ ಮಾಡತಾವು. ಅಡಿಗಿ ಮನಿಗೆ ಎಪ್ಪತ್ತು ಸಾಕು. ಮಗ್ಗಕ್ಕ ಅಂತ ಯಾಕ ಹೇಳಲಿಲ್ಲ ನೀ ನನಗ?"

ಎಪ್ಪತ್ತೆಂದರೆ ಫಸ್ಟ್ ಕ್ಲಾಸ್. ಫಿಸಿಕ್ಸಿನಲ್ಲಿ ನನಗೆ ಬಂದದ್ದು ಅದಕ್ಕಿಂತ ಬಹಳ ಕಡಿಮೆ. ಆದರೂ ನಗು ಬರಲಿಲ್ಲ. ಚಾಚಾ ಒಳಗಿನಿಂದ ಸಿಆರ್‌ಐ ತೊಂಬತ್ತೈದು ಎಂದಿದ್ದ ಬಲ್ಬು ಹುಡುಕಿ ಕೊಟ್ಟರು. ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ.

ಬರುವ ದಾರಿಯಲ್ಲಿ ಒಂದು ಉಪಾಯ ಹೊಳೆಯಿತು. ಸುಮ್ಮನೆ ಬಲ್ಬು ಬದಲಿಸಿಬಿಟ್ಟರಾಯಿತು, ಅತ್ತೆ ತಾವಾಗಿಯೇ ಬಂದು ನೋಡುತ್ತಾರೆ, ಎಲ್ಲ ಸರಿಹೋಗುತ್ತದೆ, ನನ್ನ ತಪ್ಪು ನನ್ನ ಹೊಟ್ಟೆಯಲ್ಲೇ ಉಳಿಯುತ್ತದೆ. ಹಾಗೆಯೇ ಮಾಡಿದೆ. ನಾಲ್ಕು ದಿನ ಕಾದೆ. ಬೇಕಂತಲೇ ಲಡಿಗಳನ್ನು ಅವರ ಮುಂದೆ ಹಾಯಿಸಿಕೊಂಡು ಓಡಾಡಿದೆ. ಅತ್ತೆ ಸೊಪ್ಪಿನಿಂದ ತಲೆಯನ್ನೇ ಎತ್ತಲಿಲ್ಲ. ತಮ್ಮ ಕಣ್ಣು ಹೋಗಿದೆ ಎಂದು ನಂಬಿದವರು ನೋಡುವುದಾದರೂ ಯಾಕೆ?

ಐದನೆಯ ದಿನ ಮಧ್ಯಾಹ್ನ ಎರಡೂ ಡಬ್ಬಿ ತಂದು ಅವರ ಮುಂದೆ ಕೂತೆ. "ಅತ್ತಿ, ತಪ್ಪ ನಂದ್ರಿ," ಎಂದೆ. ಡೇಲೈಟ್ ಎಂದರೆ ಏನೆಂದು ಹೇಳಿದೆ. ಎಪ್ಪತ್ತರ ಕಥೆ ಹೇಳಿದೆ. ಕರೆಂಟು ಹೋದದ್ದು, ನಾನು ಒಳಗೆ ಹೊರಗೆ ಓಡಿದ್ದು, ನಾಲ್ಕು ದಿನ ಮುಚ್ಚಿಟ್ಟದ್ದು, ಯಾವುದನ್ನೂ ಬಿಡಲಿಲ್ಲ. ಬೈಗುಳಕ್ಕೆ ತಯಾರಾಗಿಯೇ ಕೂತಿದ್ದೆ.

ಅತ್ತೆ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟರು. "ಹಂಗಾರ ನನ್ನ ಕಣ್ಣು?"

"ಛಲೋ ಅದಾವ್ರಿ. ನನ್ನ ಕಣ್ಣಿಗಿಂತ ಛಲೋ ಅದಾವು."

ಎರಡೂ ಡಬ್ಬಿಗಳನ್ನು ಕೈಗೆತ್ತಿಕೊಂಡು ತಿರುವಿ ನೋಡಿದರು. ಆಮೇಲೆ ಹೇಳಿದರು: "ಆವತ್ತು ಲಡಿ ಕೈಯಾಗ ಹಿಡದಾಗ ನನಗ ಅನುಮಾನ ಬಂದಿತ್ತವಾ. ಹೊಸ್ತಿಲಕ್ಕ ಹೋಗಿ ನೋಡಬೇಕಂತ ಎದ್ದಿದ್ದೆ. ಬಿಸಲ ಒಳಗ ಬಂದೈತಿ ಅಂತ ನೀ ಅಂದಿದ್ದಿ. ಬಿಸಲಾಗ ಒಂದ ಕಂಡ ಮ್ಯಾಲೆ ನಾನ ತಪ್ಪಿರಬೇಕಂತ ಕುಂತೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಎರಡ ತಿಂಗಳಾತು. ಹಣಿಗೆ ಹಚ್ಚಿಕೊಳ್ಳೂದು ಕುಂಕುಮಾನೋ ಅಲ್ಲೋ ಅಂತ ಸುದ್ದಾ ಯಾರನ್ನರ ಕೇಳಬೇಕು ಅನಸ್ತಿತ್ತು."

ನಾನು ಅತ್ತುಬಿಟ್ಟೆ. ತವರು ಬಿಟ್ಟು ಬರುವಾಗಲೂ ಅಷ್ಟು ಅತ್ತಿರಲಿಲ್ಲ.

"ಅತ್ತರ ಏನಾಕ್ಕೈತಿ? ನೀ ಆರಿಸಿದ್ದ ತೋರಸು ನಡಿ," ಎಂದು ನನ್ನ ಹೆಗಲಿಗೆ ಕೈಕೊಟ್ಟು ಎದ್ದರು.

ಮಗ್ಗದ ಕೋಣೆಯಲ್ಲಿ ಹೊಸ ಬಲ್ಬಿನ ಕೆಳಗೆ ಚಾಪೆ ಹಾಸಿ ಕೂರಿಸಿದೆ. ಈ ನಾಲ್ಕು ದಿನ ಅದೇ ಬಲ್ಬಿನ ಕೆಳಗೆ ನಾನು ಜೋಡಿ ಕಟ್ಟಿಟ್ಟಿದ್ದ ಲಡಿಗಳನ್ನು ಮುಂದಿಟ್ಟೆ. ಯಜಮಾನರು ಲಾಳಿ ನಿಲ್ಲಿಸಿ ನೋಡುತ್ತಿದ್ದರು. ಅತ್ತೆ ಮೊದಲನೆಯ ಜೋಡಿ ಎತ್ತಿದರು, ಗಂಟು ಬಿಚ್ಚಿ ಆ ಕಡೆ ಒಂದು, ಈ ಕಡೆ ಒಂದು ಎಸೆದರು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಗೊತ್ತಿದ್ದೂ ಕೇಳಿದರು.

"ಇದನ್ನ ಯಾರ ಜೋಡಿ ಮಾಡ್ಯಾರ?"

"ನಾನ್ರಿ," ಎಂದೆ.

"ಅದಕ್ಕ ಮತ್ತ," ಎಂದು ಅದನ್ನೂ ಬಿಚ್ಚಿ ಎಸೆದು, ಎರಡು ತಿಂಗಳಲ್ಲಿ ಮೊದಲ ಸಲ ಅತ್ತೆ ಬಾಯ್ತುಂಬ ನಕ್ಕರು.