ಹಬೆಯಣ್ಣ ತೊಳೆದ ತೊಟ್ಟಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಿಫ್ಟಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ, ಅವನು ಇಪ್ಪತ್ತೇಳು ವರ್ಷದಿಂದ ಕತ್ತರಿ ಚಿಮಟಗಳನ್ನು ಹಬೆಯಲ್ಲಿ ಬೇಯಿಸುತ್ತಿದ್ದ. ಮೇಲಿನ ಆಪರೇಷನ್ ಕೋಣೆಗಳಿಂದ ರಕ್ತ ಮೆತ್ತಿಕೊಂಡು ಬಂದದ್ದನ್ನು ತೊಳೆದು, ಒರೆಸಿ, ಹಸಿರು ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಪಟ್ಟಿ ಅಂಟಿಸಿ, ಸ್ಟೀಲಿನ ಯಂತ್ರದ ಹೊಟ್ಟೆಗೆ ತುಂಬಿ ಬಾಗಿಲು ಬಿಗಿಯುವುದು ಅವನ ಕೆಲಸ. ಒಳಗೆ ಶಾಖ ಸಾಕಷ್ಟು ಏರಿದರೆ ಪಟ್ಟಿಯ ಗೆರೆಗಳು ಕಪ್ಪಾಗುತ್ತವೆ. ಕಪ್ಪಾದರೆ ಆ ಗಂಟಿನೊಳಗೆ ಒಂದು ಕ್ರಿಮಿಗೂ ಜೀವವಿಲ್ಲ ಅಂತ ಲೆಕ್ಕ. ಇಡೀ ಆಸ್ಪತ್ರೆ ಅವನನ್ನು ಹಬೆಯಣ್ಣ ಅಂತಲೇ ಕರೆಯುತ್ತಿತ್ತು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರೊಂದಿತ್ತು. ಅದನ್ನು ಕೂಗಿದರೆ ಅವನೂ ಉಳಿದವರ ಜೊತೆ ಯಾರಪ್ಪಾ ಅದು ಅಂತ ಸುತ್ತ ನೋಡುತ್ತಿದ್ದ.

ಈ ಕಸುಬು ಅವನ ಹಿಂದೆಯೇ ಮನೆಗೂ ಬಂದುಬಿಟ್ಟಿತ್ತು. ಮದುವೆಯ ಮಾತು ನಡೆದ ಒಂದೇ ಒಂದು ಮನೆಯಲ್ಲಿ, ಕೊಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಕರವಸ್ತ್ರದಿಂದ ಅಂಚು ಒರೆಸಿ ಕುಡಿದಿದ್ದ. ಆ ಮಾತು ಅಲ್ಲಿಗೇ ನಿಂತಿತು. ಅವನ ನಿದ್ದೆಯೂ ಅದರಿಂದ ಕೆಟ್ಟಿರಲಿಲ್ಲ. ಆಮೇಲೆ ಗಂಡನನ್ನು ಕಳೆದುಕೊಂಡ ಅಕ್ಕ ಐದು ವರ್ಷದ ಮಗಳನ್ನೂ ಒಂದು ಹೊಲಿಗೆ ಯಂತ್ರವನ್ನೂ ತಂದು ಅವನ ಎರಡು ಕೋಣೆಯ ಮನೆಯಲ್ಲಿ ಬೀಡುಬಿಟ್ಟಳು. ಅಂದಿನಿಂದ ಅವನು ಒರೆಸುವುದು, ಅವಳು ಹರವುವುದು. ಸೋಫಾದಲ್ಲಿ ಸೂಜಿ, ಅಡುಗೆಮನೆಯಲ್ಲಿ ಗುಂಡಿ, ಅವನ ಚಪ್ಪಲಿಯೊಳಗೆ ದಾರದ ಉಂಡೆ. "ಇದು ಮನೆನೋ ಸಂತೆನೋ?" ಅಂತ ಅವನು. "ನಿನ್ನ ಕೋಣೆ ಇದೆಯಲ್ಲ ಆಸ್ಪತ್ರೇಲಿ, ಅಲ್ಲೇ ಹೋಗಿ ಮಲಗು," ಅಂತ ಅವಳು. ಇಪ್ಪತ್ತೆರಡು ವರ್ಷ ಇದೇ ಮಾತು.

ಮಗಳು ಮದುವೆಯಾಗಿ ಎರಡು ಬಸ್ಸು ಬದಲಿಸುವಷ್ಟು ದೂರ ಹೋದ ಮೇಲೆ ಅಕ್ಕ ಎರಡು ಗೋಲ್ಡ್‌ಫಿಶ್ ತಂದಳು. ಹೊಟ್ಟೆ ಮುಂದೆ ಬಿಟ್ಟುಕೊಂಡು ಓಡಾಡುವ ಕಿತ್ತಳೆ ಮೀನು ಸಾಹುಕಾರ, ತಲೆಯ ಮೇಲೆ ಕೆಂಪು ಗಂಟಿರುವ ಬಿಳಿಯದು ಟೋಪಿ. ಹೊಲಿಗೆ ಯಂತ್ರದ ಪಕ್ಕದಲ್ಲೇ ತೊಟ್ಟಿ. ವಾರಕ್ಕೊಮ್ಮೆ, ಹಿಂದಿನ ದಿನವೇ ತುಂಬಿಟ್ಟಿದ್ದ ಬಕೆಟ್ಟಿನಿಂದ ನಾಲ್ಕಾರು ಮಗ್ಗು ನೀರು ಬದಲಿಸುವಳು. ಅಷ್ಟೇ. ಗಾಜಿಗೆ ಹಸಿರು ಪಾಚಿ, ಕಲ್ಲಿನ ಸಂದಿಯಲ್ಲಿ ಕಂದು ಕೆಸರು, ಫಿಲ್ಟರಿನ ಸ್ಪಂಜಂತೂ ನೋಡಬಾರದು. ಹಬೆಯಣ್ಣ ದಿನಾ ಮೂಗು ಮುರಿಯುತ್ತಿದ್ದ. ಮೀನುಗಳು ಮಾತ್ರ ದಿನಾ ದಪ್ಪಗಾಗುತ್ತಿದ್ದವು.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತಿದ್ದ ಅಕ್ಕ ಹಾಗೇ ಪಕ್ಕಕ್ಕೆ ವಾಲಿದಳು. ಅವನು ಓಡಿಬರುವಷ್ಟರಲ್ಲಿ ಮುಗಿದಿತ್ತು.

ಅವನಿಗೆ ಏನೂ ಅನಿಸಲಿಲ್ಲ. ಬಂದವರು ಹೆಗಲ ಮೇಲೆ ಕೈಯಿಟ್ಟು, ಈಗ ಅಳುತ್ತಾನೆ, ಇನ್ನೇನು ಅಳುತ್ತಾನೆ ಅಂತ ಕಾದರು. ತಡವಾದ ಬಸ್ಸಿಗೆ ಕಾಯುವವರ ಹಾಗೆ ಒಬ್ಬೊಬ್ಬರೇ ಗಡಿಯಾರ ನೋಡಿಕೊಂಡು ಹೊರಟರು. ಅವರನ್ನು ನಿರಾಸೆಗೊಳಿಸಿದೆನಲ್ಲ ಅಂತ ಅವನಿಗೇ ಸಂಕೋಚ. ಎದೆಯೊಳಗೆ ಯಾರೋ ಹತ್ತಿ ತುರುಕಿ ಹೊಲಿದ ಹಾಗಿತ್ತು. ನಾಲ್ಕನೆಯ ದಿನ ಕೆಲಸಕ್ಕೆ ಹೋದ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಉಪ್ಪಿಲ್ಲದ ಊಟ, ಕನಸಿಲ್ಲದ ನಿದ್ದೆ.

ಮೂರನೆಯ ವಾರ ತೊಟ್ಟಿಯ ಕಡೆ ಕಣ್ಣು ಹೋಯಿತು. ಅಕ್ಕನಿಗಾಗಿ ಇಷ್ಟಾದರೂ ಮಾಡೋಣ ಅನಿಸಿತು. ಅವನಿಗೆ ಗೊತ್ತಿದ್ದ ಸೇವೆ ಒಂದೇ. ಮೀನುಗಳನ್ನು ಪಾತ್ರೆಗೆ ಬಿಟ್ಟು ತೊಟ್ಟಿಯನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಕಲ್ಲು, ಸ್ಪಂಜು, ಪ್ಲಾಸ್ಟಿಕ್ ಗಿಡ ಮೂರನ್ನೂ ಹಸಿರು ಬಟ್ಟೆಯಲ್ಲಿ ಗಂಟು ಕಟ್ಟಿ ಆಸ್ಪತ್ರೆಗೆ ಒಯ್ದು, ಈಗ ಯಾರೂ ಬಳಸದ ಹಳೆಯ ಪುಟ್ಟ ಯಂತ್ರಕ್ಕೆ ತುಂಬಿದ. ಪಟ್ಟಿ ಅಂಟಿಸುವುದನ್ನೂ ಮರೆಯಲಿಲ್ಲ.

ದೊಡ್ಡ ನರ್ಸಮ್ಮ ಬರುವ ಹೊತ್ತಿಗೆ ಅವನು ಗಂಟು ಬಿಚ್ಚುತ್ತಿದ್ದ. ಅವಳು ಒಂದು ಬೆಣಚುಕಲ್ಲು ಎತ್ತಿ ನೋಡಿದಳು.

"ಹಬೆಯಣ್ಣ, ಇದು ಯಾರ ಹೊಟ್ಟೇಲಿತ್ತು?"

"ಮೀನಿನ ತೊಟ್ಟೀದು, ಸಿಸ್ಟರ್."

"ಮತ್ತೆ ಇದು?"

ಪ್ಲಾಸ್ಟಿಕ್ ಗಿಡ ಕರಗಿ ಹಸಿರು ಅಂಬಲಿಯಾಗಿ ಕಲ್ಲಿಗೆ ಅಂಟಿಕೊಂಡಿತ್ತು. "ಗಿಡ ಆಗಿತ್ತು," ಅಂದ.

ಬೇರೆ ದಿನವಾಗಿದ್ದರೆ ಅವಳು ಲಿಖಿತ ವಿವರಣೆ ಕೇಳುತ್ತಿದ್ದಳು. ಅಕ್ಕ ಹೋದ ಸಂಗತಿ ನೆನಪಾಗಿ, "ಪಟ್ಟಿ ಚೆನ್ನಾಗಿ ಕಪ್ಪಾಗಿದೆ," ಅಂತಷ್ಟೇ ಹೇಳಿ ಹೊರಟಳು.

ನೇರ ನಲ್ಲಿಯ ನೀರು ತುಂಬಿ ಮೀನುಗಳನ್ನು ಬಿಟ್ಟಾಗ ತೊಟ್ಟಿ ಅಂಗಡಿಯ ಕಿಟಕಿಯಂತೆ ಹೊಳೆಯಿತು. ನಾಲ್ಕನೆಯ ದಿನಕ್ಕೆ ಎರಡೂ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಹಸಿವು ಅಂದುಕೊಂಡು ಇನ್ನಷ್ಟು ಆಹಾರ ಸುರಿದ. ನೀರು ಕದಡಿತು. ಕೊಳೆ ಅಂದುಕೊಂಡು ಎಲ್ಲವನ್ನೂ ತೆಗೆದು ಮತ್ತೆ ಕುದಿಸಿದ, ಈ ಸಲ ಮನೆಯ ಕುಕ್ಕರಿನಲ್ಲಿ, ಮೂರು ವಿಷಲ್. ಮತ್ತೆ ಕದಡಿತು. ಮತ್ತೆ ಕುದಿಸಿದ. ಹೀಗೇ ತಿಂಗಳು ಕಳೆಯಿತು. ಮೀನುಗಳು ರೆಕ್ಕೆ ಮುದುರಿ ತಳ ಹಿಡಿದವು. ಟೋಪಿಯ ಬಾಲದಲ್ಲಿ ಕೆಂಪು ಎಳೆಗಳು ಮೂಡಿದವು. ಒಂದು ಬುಧವಾರ ಬೆಳಿಗ್ಗೆ ಅದು ಅಡ್ಡ ತೇಲುತ್ತಿತ್ತು. ಚಮಚೆಯಲ್ಲಿ ಎತ್ತಿ, ಬಟ್ಟೆಯಲ್ಲಿ ಸುತ್ತಿ, ಹೊರಗಿನ ಹೂಕುಂಡದ ಮಣ್ಣಿನಲ್ಲಿ ಹೂತ. ಆಗಲೂ ಏನೂ ಅನಿಸಲಿಲ್ಲ. ಕೈ ಮಾತ್ರ ಮೂರು ಸಲ ತೊಳೆದ.

ಅಕ್ಕನ ಮಗಳಿಗೆ ಫೋನ್ ಮಾಡಿದ. ಅವಳು ಕಾರು ಓಡಿಸಲು ಕಲಿಸುವವಳು. ಮಾತೆಲ್ಲ ಬ್ರೇಕು, ಕ್ಲಚ್ಚು.

"ಮಾವ, ಸಾಕು, ಬ್ರೇಕ್ ಹಾಕಿ. ಇನ್ನು ಅದಕ್ಕೆ ಕೈ ಹಚ್ಚಬೇಡಿ. ಅಮ್ಮ ಎರಡು ವರ್ಷ ಸಾಕಿದ್ದು, ನಿಮ್ಮ ಕೈಲಿ ಎರಡು ತಿಂಗಳು ತಡೀಲಿಲ್ಲ. ಭಾನುವಾರ ಬಂದು ಸಾಹುಕಾರನ್ನ ನಾನು ಕರ್ಕೊಂಡು ಹೋಗ್ತೀನಿ. ತೊಟ್ಟಿ ತಗೊಂಡಾಗಿದೆ."

"ಆಯ್ತಮ್ಮ," ಅಂದ.

ಫೋನಿಟ್ಟ ಮೇಲೆ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತ. ಮೀನು ಹೋಗಬಾರದು ಅಂತ ಅವನಿಗೆ ಗೊತ್ತಾಯಿತು. ದುಃಖವೇನಲ್ಲ, ತುರ್ತು ವಿಭಾಗದಿಂದ ಚೀಟಿ ಬಂದಾಗ ಬೇರೇನೂ ಯೋಚಿಸದೆ ಮೊದಲು ಆ ಕೆಲಸ ಹಿಡಿಯುತ್ತಾನಲ್ಲ, ಹಾಗೆ ಅಷ್ಟೇ. ಈ ಮನೆಯಲ್ಲಿ ಅಕ್ಕ ಸಾಕಿದ ಜೀವ ಅಂತ ಉಳಿದಿದ್ದು ಅದೊಂದೇ. ಅವನನ್ನೂ ಲೆಕ್ಕಕ್ಕೆ ಹಿಡಿದರೆ ಎರಡು.

ಗುರುವಾರ ಕೆಲಸ ಮುಗಿಸಿ, ತೊಟ್ಟಿಯ ನೀರನ್ನು ಆಸ್ಪತ್ರೆಯ ಮೂತ್ರಪರೀಕ್ಷೆ ಶೀಶೆಯಲ್ಲಿ ತುಂಬಿಕೊಂಡು, ಅಕ್ಕ ಮೀನು ತಂದಿದ್ದ ಸಾಕುಮೀನಿನ ಅಂಗಡಿಗೆ ಹೋದ. ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟುಕೊಂಡ ಅಂಗಡಿಯಾಕೆ ಶೀಶೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಇದು ಮೀನಿನ ನೀರು ತಾನೇ?"

"ಹೌದು. ಶೀಶೆ ಹೊಸದು. ಶುದ್ಧ."

ಅವಳು ಗಾಜಿನ ನಳಿಕೆಗೆ ನೀರು ಸುರಿದು ಯಾವುದೋ ಹನಿ ಬಿಟ್ಟು ಅಲುಗಿಸಿದಳು. ನೀರು ಕಡು ಹಸಿರಾಯಿತು. "ಹಳದಿ ಇರಬೇಕಿತ್ತು. ಹಸಿರು ಅಂದ್ರೆ ಅಮೋನಿಯಾ. ನಿಮ್ಮ ಮೀನು ತನ್ನ ಉಚ್ಚೇಲಿ ತಾನೇ ಬೇಯ್ತಾ ಇದೆ. ಏನು ಮಾಡಿದ್ರಿ?"

ಅಕ್ಕ ತೀರಿಕೊಂಡದ್ದರಿಂದ ಹಿಡಿದು ಅವನು ಎಲ್ಲ ಹೇಳಿದ. ಹಸಿರು ಬಟ್ಟೆ, ನೂರ ಇಪ್ಪತ್ತೊಂದು ಡಿಗ್ರಿ, ಪಟ್ಟಿ, ಆಮೇಲಿನ ವಿಷಲ್. ಕುದಿಸಿದ್ದನ್ನು ತುಸು ಹೆಮ್ಮೆಯಿಂದಲೇ ಹೇಳಿದ. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಇಪ್ಪತ್ತು ವರ್ಷದಲ್ಲಿ ಸೋಪು ಹಾಕಿ ತೊಳೆದವರನ್ನ ನೋಡಿದೀನಿ. ಸ್ಪಂಜಿಗೆ ಆಪರೇಷನ್ ತಯಾರಿ ಮಾಡಿದವರು ನೀವೇ ಮೊದಲು."

"ಕ್ರಿಮಿ ಇರಬಾರದಲ್ವಾ?"

"ಇರಬೇಕು, ಯಜಮಾನ್ರೇ. ಆ ಕಲ್ಲು, ಆ ಸ್ಪಂಜು, ಅದರ ತುಂಬ ಒಳ್ಳೇ ಕ್ರಿಮಿಗಳಿರ್ತವೆ. ಮೀನು ಬಿಟ್ಟ ವಿಷಾನ ತಿಂದು ಅರಗಿಸೋರು ಅವರೇ. ಒಂದು ಸಂಸಾರ ಕೂರೋಕೆ ಆರು ವಾರ ಬೇಕು. ನೀವು ಅವರನ್ನ ವಾರ ವಾರ ಬೇಯಿಸಿದೀರಿ. ನಿಮ್ಮ ಅಕ್ಕನಿಗೆ ಇದೆಲ್ಲ ಗೊತ್ತಿತ್ತು. ಇಲ್ಲೇ ಕೂತು ತಾಸುಗಟ್ಟಲೆ ಹರಟೋರು."

ಅಕ್ಕ ಬರೀ ಸೋಮಾರಿ ಅಂತ ಅವನು ತಿಳಿದಿದ್ದ. ಮೇಜಿನ ಮೇಲಿನ ದೂಳನ್ನು ಬೆರಳಿನಿಂದ ಒರೆಸಿದ.

ಅಂಗಡಿಯಾಕೆ ಒಳಗೆ ಹೋಗಿ, ತನ್ನ ಹಳೆಯ ತೊಟ್ಟಿಯ ಫಿಲ್ಟರಿನಿಂದ ಕಂದುಬಣ್ಣದ, ಕೆರೆಯ ಕೆಸರಿನಂತೆ ನಾರುವ ಸ್ಪಂಜೊಂದನ್ನು ಅದೇ ನೀರು ತುಂಬಿದ ಚೀಲದಲ್ಲಿ ತಂದುಕೊಟ್ಟಳು. "ಇದನ್ನ ಹಾಗೇ ನಿಮ್ಮ ಫಿಲ್ಟರಿಗೆ ಹಾಕಿ. ಹಾಗೇ ಅಂದ್ರೆ ಹಾಗೇ. ದಿನಾ ಕಾಲು ಭಾಗ ನೀರು ಬದಲಿಸಿ, ಪೂರ್ತಿ ಅಲ್ಲ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಅದನ್ನ ಕಳೆಯೋಕೆ ಈ ಹನಿ. ದಿನಾ ಪರೀಕ್ಷೆ ಮಾಡೋಕೆ ಈ ನಳಿಕೆ, ಇನ್ನೊಂದು ಹನಿ. ಭಾನುವಾರದವರೆಗೆ ಆಹಾರ ಇಲ್ಲ. ಉಪವಾಸಕ್ಕೆ ಅದು ಸಾಯಲ್ಲ, ನಿಮ್ಮ ಉಪಚಾರಕ್ಕೆ ಸಾಯುತ್ತೆ."

ಮನೆಗೆ ಬಂದು ಚೀಲ ಬಿಚ್ಚಿದ. ವಾಸನೆ ಮೂಗಿಗೆ ಹೊಡೆಯಿತು. ಅವನಿಗೇ ತಿಳಿಯದೆ ಎಡಗೈ ನಲ್ಲಿ ತಿರುಗಿಸಿತ್ತು. ನೀರು ಧೋ ಅಂತ ಬೀಳುತ್ತಿತ್ತು. ಬಲಗೈಯಲ್ಲಿ ಸ್ಪಂಜು, ನಲ್ಲಿಗೆ ಗೇಣು ದೂರ. ಇಪ್ಪತ್ತೇಳು ವರ್ಷ ಆ ಕೈ ಕೊಳಕಾದದ್ದೊಂದನ್ನು ಹಾಗೇ ಮುಂದಕ್ಕೆ ದಾಟಿಸಿರಲಿಲ್ಲ. ತೊಟ್ಟಿಯ ಮೂಲೆಯಲ್ಲಿ ಸಾಹುಕಾರ ಒಂದೇ ಕಡೆ ವಾಲಿಕೊಂಡು ಕಿವಿರು ಆಡಿಸುತ್ತಿತ್ತು. ಅವನು ನಲ್ಲಿ ನಿಲ್ಲಿಸಿದ. ಮುಖ ಅತ್ತ ತಿರುಗಿಸಿ, ಕಹಿ ಔಷಧಿ ಕುಡಿಯುವವನಂತೆ, ಸ್ಪಂಜನ್ನು ಫಿಲ್ಟರಿನೊಳಗೆ ತುರುಕಿದ. ಕಂದು ಮೋಡವೊಂದು ಎದ್ದು ಅವನ ಕನ್ನಡಿಯಂಥ ತೊಟ್ಟಿಯ ತುಂಬ ಹರಡಿತು.

ಶುಕ್ರವಾರ ಹಸಿರು. ಶನಿವಾರ ತಿಳಿಹಸಿರು. ಭಾನುವಾರ ಬೆಳಿಗ್ಗೆ ನಳಿಕೆಯನ್ನು ಕಿಟಕಿಗೆ ಹಿಡಿದು ಅರ್ಧ ಗಂಟೆ ನೋಡಿದ. ಹಳದಿ ಅಂದರೆ ಹಳದಿ, ಅನುಮಾನಪಟ್ಟರೆ ಹಸಿರು. ಮೀನು ತಳದಿಂದ ಒಂದು ಗೇಣು ಮೇಲೆ ಬಂದಿತ್ತು.

ಹತ್ತು ಗಂಟೆಗೆ ಅಕ್ಕನ ಮಗಳು ಮುಚ್ಚಳದ ಬಕೆಟ್ಟು ಹಿಡಿದು ಬಂದಳು. ಬಾಗಿಲಲ್ಲೇ ಮೂಗು ಅರಳಿಸಿದಳು.

"ಮಾವ, ಈ ಮನೇಲಿ ವಾಸನೆ?"

"ಬರಬೇಕು," ಅಂದ. ಕ್ರಿಮಿಗಳ ಸಂಸಾರದ ಕಥೆಯನ್ನು ಅಂಗಡಿಯಾಕೆ ಹೇಳಿದಂತೆಯೇ ಒಪ್ಪಿಸಿದ. ತಾನು ಕುದಿಸಿದ್ದರಿಂದಲೇ ಟೋಪಿ ಸತ್ತದ್ದು ಅನ್ನುವುದನ್ನೂ ಬಿಡಲಿಲ್ಲ. ಆಮೇಲೆ ಕೇಳಿದ, "ನಿನ್ನ ತೊಟ್ಟಿ ಹೇಗಿದೆ?"

"ಹೊಚ್ಚ ಹೊಸದು. ಪಳಪಳ ಅಂತ ತೊಳೆದು ನೀರು ತುಂಬಿಟ್ಟಿದೀನಿ."

"ಹಾಗಾದ್ರೆ ಅದರಲ್ಲಿ ಬಿಟ್ರೆ ಸಾಯುತ್ತೆ."

ಅವಳು ಅವನ ಮುಖ ನೋಡಿದಳು. ಇದು ಮೀನು ಉಳಿಸಿಕೊಳ್ಳಲು ಹೂಡಿದ ಉಪಾಯವೋ ನಿಜವೋ ಅಂತ ಅಳೆಯುವ ನೋಟ. ಆ ಮುಖದಲ್ಲಿ ಅಳೆಯುವಂಥದ್ದು ಏನೂ ಇರಲಿಲ್ಲ.

"ಬೇಕೇಬೇಕು ಅಂದ್ರೆ ಆಕೆ ಹತ್ರ ಇಂಥದೇ ಒಂದು ಸ್ಪಂಜು ತಂದುಕೊಡ್ತೀನಿ," ಅಂದ. "ನಿನ್ನ ತೊಟ್ಟೀನೂ ಕೂರಲಿ. ನೀರು ಹಳದಿ ಬಂದ ಮೇಲೆ ಕರ್ಕೊಂಡು ಹೋಗು. ನಿಮ್ಮಮ್ಮನದು ಅದು. ನಾನು ಬೇಡ ಅನ್ನಲ್ಲ."

ಬೇಡ ಅನ್ನಬೇಕು ಅಂತಲೇ ಮೂರು ದಿನದಿಂದ ಮಾತು ಜೋಡಿಸಿಟ್ಟಿದ್ದ. ಬಾಯಿಗೆ ಬಂದದ್ದು ಇದು.

ಅವಳು ಬಕೆಟ್ಟನ್ನು ಕೆಳಗಿಟ್ಟು ಅಕ್ಕನ ಸ್ಟೂಲಿನ ಮೇಲೆ ಕೂತಳು. "ಅವತ್ತು ನೀವು ಒಂದು ಹನಿ ಕಣ್ಣೀರು ಹಾಕ್ಲಿಲ್ಲ, ಮಾವ. ಅದಕ್ಕೇ ಸಿಟ್ಟಿತ್ತು ನನಗೆ. ಮೀನು ಒಂದು ನೆಪ."

"ಬರಲಿಲ್ಲಮ್ಮ."

"ಈಗ?"

ಅವನು ಯೋಚಿಸಿ, ಇದ್ದದ್ದು ಇದ್ದ ಹಾಗೆ ಹೇಳಿದ. "ಇನ್ನೂ ಇಲ್ಲ."

ಅವಳು ತಲೆಯಾಡಿಸಿದಳು. ಬಕೆಟ್ಟನ್ನು ಕಾಲಿನಿಂದ ಅತ್ತ ಸರಿಸಿ, "ಇಲ್ಲೇ ಇರಲಿ ಬಿಡಿ. ನಾನು ಭಾನುವಾರ ಭಾನುವಾರ ಬರ್ತೀನಿ," ಅಂದಳು. "ಇವತ್ತು ಊಟ ಕೊಡಬಹುದಾ?"

"ಒಂದು ಚಿಟಿಕೆ. ಎರಡು ನಿಮಿಷದಲ್ಲಿ ತಿಂದಷ್ಟು. ಉಳಿದದ್ದು ತೆಗೀಬೇಕು."

ಅವಳು ಚಿಟಿಕೆ ಕಾಳು ಉದುರಿಸಿದಳು. ಸಾಹುಕಾರ ಮೊದಲು ನೋಡಿತು, ಆಮೇಲೆ ನಿಧಾನಕ್ಕೆ ಮೇಲೆ ಬಂದು ಒಂದನ್ನು ನುಂಗಿ, ಉಗಿದು, ಮತ್ತೆ ನುಂಗಿತು. ಅವಳು ಸದ್ದಿಲ್ಲದೆ ಅಳತೊಡಗಿದಳು. ಹಬೆಯಣ್ಣ ಪಕ್ಕದಲ್ಲಿ ಪುಟ್ಟ ಬಲೆ ಹಿಡಿದು, ಕೈಗಡಿಯಾರದ ಮುಳ್ಳಿನ ಮೇಲೆ ಕಣ್ಣಿಟ್ಟು ನಿಂತಿದ್ದ. ಎರಡು ನಿಮಿಷ ಆಯಿತು. ಅವಳ ಅಳು ಮುಗಿದಿರಲಿಲ್ಲ. ಅವನು ಬಲೆಯನ್ನು ಕೆಳಗಿಟ್ಟು, ಇನ್ನೂ ಸ್ವಲ್ಪ ಹೊತ್ತು ಕಾದ.