ಮಾಂತ್ರಿಕನಿಗೆ ಇಟ್ಟ ಹೆಸರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ದಿನವೂ ಹಾಗೆಯೇ ಆಯಿತು. ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದ ನಮ್ಮವರು ಫೋನ್ ಮಾಡಿ, "ಈ ವಾರಾನೂ ಬರಾಕಾಗಲ್ಲ ಕಣೇ, ಡಬಲ್ ಡ್ಯೂಟಿ" ಅಂದವರೇ, ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಟ್ಟರು. ಫೋನನ್ನು ಎತ್ತಿ ಗೋಡೆಗೆ ಬಡಿಯೋಣ ಅನ್ನಿಸಿತು. ಬಡಿದರೆ ಇನ್ನೊಂದು ಕೊಡಿಸುವವರು ಯಾರು? ಅದು ಅವರದೇ ಹಳೆಯ ಫೋನು. ದಿನಾ ಮನೆಗೆ ಬಂದುಹೋಗುತ್ತಿದ್ದ ಕಾಲದಲ್ಲಿ ಅವರು ರೈಲಿನಲ್ಲಿ ಆಡುತ್ತಿದ್ದ ಆಟವೊಂದು ಅದರಲ್ಲಿ ಉಳಿದಿತ್ತು. ಸಿಟ್ಟಿನಲ್ಲಿ ಅದನ್ನೇ ಒತ್ತಿದೆ.

ಆಟದಲ್ಲಿ ಒಬ್ಬ ಮಾಂತ್ರಿಕ. ಎಷ್ಟು ಶಕ್ತಿ ಬಂದರೂ ಆ ಪುಣ್ಯಾತ್ಮನಿಗೆ ಸಾಲದು. ಊರೂರಿಗೆ ನುಗ್ಗಿ ಜನರ ಬಲವನ್ನೆಲ್ಲ ಹೀರಿಕೊಳ್ಳುತ್ತಾನೆ, ಅವನು ಹೋದಮೇಲೆ ಊರು ಬಿಕೋ ಅನ್ನುತ್ತದೆ. ನಾವು ಕತ್ತಿ ಹಿಡಿದ ಹುಡುಗಿಯಾಗಿ ಅವನ ಕೋಟೆ ಹತ್ತಿ ಅವನನ್ನು ಮುಗಿಸಬೇಕು. ಹೊಸದಾಗಿ ಶುರುಮಾಡಿದಾಗ, "ಮಾಂತ್ರಿಕನಿಗೆ ನೀವೇ ಒಂದು ಹೆಸರಿಡಿ" ಎಂದು ಬಂತು. ಹಿಂದೆಮುಂದೆ ನೋಡದೆ ನನ್ನ ಗಂಡನ ಹೆಸರು ಒತ್ತಿದೆ. ಮದುವೆಯಾದಾಗಿನಿಂದ ಆ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಹೇಳಿಯೇ ನಮ್ಮಮ್ಮ ನನ್ನನ್ನು ಕಳಿಸಿದ್ದು. ಬೆರಳಲ್ಲಿ ಒತ್ತಬಾರದು ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಊರಿಗಾಂನಲ್ಲಿ, ಮುಚ್ಚಿಹೋದ ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ನಮ್ಮದು ಬಾಡಿಗೆ ಮನೆ. ಅಕ್ಕಪಕ್ಕದ ಮನೆಗಳಿಗೆಲ್ಲ ಬೀಗ. ಎದುರಿಗೆ ಒಬ್ಬಳು ತಮಿಳು ಅಜ್ಜಿ ಇದ್ದಾಳೆ, ನಾನು ಪಾಟಿ ಅನ್ನುತ್ತೇನೆ, ಗಂಡ ಗಣಿಯಲ್ಲಿದ್ದು ತೀರಿಕೊಂಡವನು, ತಮಿಳಿಗೆ ಕನ್ನಡ ಬೆರೆಸಿ ಮಾತಾಡುತ್ತಾಳೆ. ನಾನು ಬ್ಲೌಸ್ ಹೊಲಿಯುತ್ತೇನೆ. ಮಧ್ಯಾಹ್ನ ಊಟ ಮುಗಿಸಿ ಮಿಷನ್ ಮೇಲೆ ಬಟ್ಟೆ ಮುಚ್ಚಿದರೆ ಆ ಹೊತ್ತು ಮುಂದಕ್ಕೆ ಹೋಗುವುದೇ ಇಲ್ಲ. ಆಗ ಆಟ ತೆರೆಯುತ್ತಿದ್ದೆ.

ಮಾಂತ್ರಿಕನದು ಬಯಲಾಟದ ಕನ್ನಡ. "ಎಲೈ ಮೂಢೆ, ಮತ್ತೆ ಬಂದೆಯಾ?" ಎಂದು ಗಹಗಹಿಸಿ ನಗುವನು. "ಬಂದೆ ಕಣೋ, ನಿಮ್ಮಪ್ಪನ ಮನೆ ಗಂಟೇನಾದ್ರೂ ಓಯ್ತಾ?" ಅನ್ನುತ್ತಿದ್ದೆ ನಾನು. ನಗಬೇಡಿ. ಬಂದೆಯಾ ಅಂತ ನನ್ನನ್ನು ಕೇಳುತ್ತಿದ್ದವನು ಆ ಮನೆಯಲ್ಲಿ ಅವನೊಬ್ಬನೇ. ಅಷ್ಟು ದೊಡ್ಡ ಕೋಟೆಯಲ್ಲಿ ಅವನಿಗೂ ಜೊತೆಗೊಂದು ನರಪಿಳ್ಳೆ ಇರಲಿಲ್ಲ. ಎಲ್ಲರ ಬಲವನ್ನೂ ತಾನೇ ನುಂಗಿದ ಮೇಲೆ ಮಾತಾಡಿಸಲು ಯಾರು ಉಳಿಯುತ್ತಾರೆ? ಬೈಯುತ್ತ ಬೈಯುತ್ತಲೇ ಅವನನ್ನು ಕಂಡರೆ ಒಂಥರಾ ಪಾಪ ಅನ್ನಿಸತೊಡಗಿತು.

ಆಡುತ್ತ ಆಡುತ್ತ ಕೋಟೆಯ ತುದಿಯ ಗೋಪುರ ಮುಟ್ಟಿದೆ. ಅಲ್ಲಿ ಕತ್ತಿ ನಡೆಯುವುದಿಲ್ಲ. ಮೈಕಿನ ಗುರುತು ಒತ್ತಿ, ಮಾಂತ್ರಿಕನ ಹೆಸರನ್ನು ಜೋರಾಗಿ ಕೂಗಬೇಕಂತೆ. ಕೂಗಿದರೆ ಅವನು ಸತ್ತ. ಓದಿ ಫೋನನ್ನು ಮಡಿಲಲ್ಲಿ ಕವುಚಿಟ್ಟೆ. ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಪಾಟಿ, "ಏನಮ್ಮಾ, ಆ ಪಾವಿ ಇನ್ನೂ ಸತ್ತಿಲ್ವಾ?" ಅಂದಳು.

"ಎಸ್ರು ಕೂಗ್ಬೇಕಂತೆ ಪಾಟಿ."

"ಕೂಗಿ ಮುಗ್ಸು."

"ಎಂಗೆ ಕೂಗ್ಲಿ? ನಮ್ಮೋರ ಎಸ್ರು ಮಡಗಿದೀನಿ."

ಪಾಟಿ ಸೊಪ್ಪು ಬಿಟ್ಟು ಎರಡೂ ಕೆನ್ನೆಗೆ ಹೊಡೆದುಕೊಂಡಳು. "ಅಯ್ಯಯ್ಯೋ! ನಿನ್ಗೆ ಬುದ್ಧಿ ಇದಿಯಾಡಿ? ಕೂಗ್ಬ್ಯಾಡ. ದೂರ್ದಲ್ಲಿರೋ ಗಂಡ್ಸು, ಏನಾದ್ರೂ ಆದ್ರೆ?" ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಇಂದಿಗೂ ಮೊಣಕೈಯಿಂದ ನನ್ನನ್ನು ತಿವಿದು ಹೇಳಿಸುವ ಹೆಂಗಸು ಅವಳು. ಆಟವನ್ನೆಲ್ಲ ಅಳಿಸಿ, ಮೊದಲಿನಿಂದ ಶುರುಮಾಡಿ ಬೇರೆ ಹೆಸರಿಡಬಹುದಿತ್ತು. ಅವರ ಹೆಸರನ್ನು ಅಳಿಸುವುದಕ್ಕೂ ನನಗೆ ಕೈ ಬರಲಿಲ್ಲ. ಅಂದಿನಿಂದ ದಿನಾ ಗೋಪುರದವರೆಗೆ ಹೋಗುವುದು, ಅವನ ಎದುರು ನಿಲ್ಲುವುದು, ಇಳಿದು ಬರುವುದು. ಆಟ ಗೆದ್ದು ನನಗೆ ಯಾವ ರಾಜ್ಯವೂ ಬೇಕಿರಲಿಲ್ಲ. ನಮ್ಮವರು ಹುಷಾರಾಗಿದ್ದು, ಒಂದು ಶನಿವಾರ ಬ್ಯಾಗು ಹಿಡಿದು ಲೈನಿನ ತಿರುವಿನಲ್ಲಿ ಕಂಡರೆ ಸಾಕಿತ್ತು.

ಅವರೆಕಾಯಿ ಕಾಲ ಬಂತು. ಲೈನಿಂಗ್ ಬಟ್ಟೆ, ಹುಕ್ಕು ತರಲು ಬಂಗಾರಪೇಟೆಗೆ ಹೋಗಿದ್ದೆ. ಕೆಲಸ ಮುಗಿಸಿ ಸ್ಟೇಷನ್ನಿನಲ್ಲಿ ನಮ್ಮ ಕಡೆಯ ರೈಲಿಗೆ ಕಾಯುತ್ತಿದ್ದೆ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಬೆಂಗಳೂರಿನ ರೈಲು ಹತ್ತುವ ಜನ. ಆ ಗುಂಪಿನಲ್ಲಿ ನಮ್ಮವರು ನಿಂತಿದ್ದರು. ನಾನೇ ಹೊಲಿದುಕೊಟ್ಟ ಗೆರೆಗೆರೆಯ ಕೈಚೀಲ, ಅದರ ತುಂಬ ಅವರೆಕಾಯಿ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲೇ ಅವರಮ್ಮನ ಹೊಲ. ಅಂದರೆ ಊರಿಗೆ ಬಂದು, ಇದ್ದು, ಉಂಡು, ಕಾಯಿ ಕಿತ್ತುಕೊಂಡು ಹೊರಟಿದ್ದಾರೆ. ಅಲ್ಲಿಂದ ಊರಿಗಾಂ ಏನು ಸಮುದ್ರದಾಚೆಗಿದೆಯಾ?

"ಏನೂಂದ್ರೆ!" ಎಂದು ಕೂಗಿದೆ. ಆ ಗದ್ದಲದಲ್ಲಿ ಯಾರೂ ತಿರುಗಲಿಲ್ಲ. "ರೀ! ನೋಡ್ರೀ ಇಲ್ಲಿ!" ಅಂದೆ. ಯಾರ್ಯಾರೋ ಗಂಡಸರು ನೋಡಿದರು, ಅವರೊಬ್ಬರನ್ನು ಬಿಟ್ಟು. ಅವರ ರೈಲು ಬರುತ್ತಿರುವುದು ದೂರದಲ್ಲಿ ಕಾಣುತ್ತಿತ್ತು. ಬಂದು ನಿಂತರೆ ನಡುವೆ ಗೋಡೆ. ಅಮ್ಮನ ಮಾತು, ಪಾಟಿಯ ಮಾತು, ಎಲ್ಲ ಎಲ್ಲಿ ಹೋದವೋ. ಹೆಸರು ಹಿಡಿದು ಕೂಗಿದೆ. ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಅವರು ತಿರುಗಿದರು. ನೇರವಾಗಿ ನನ್ನನ್ನೇ ನೋಡಿದರು, ನಾನು ಕೈಯೆತ್ತಿದೆ. ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಮುಖ ತಿರುಗಿಸಿದರು. ಅಷ್ಟರಲ್ಲಿ ರೈಲು ಅಡ್ಡ ಬಂತು. ಅದು ಹೋದಮೇಲೆ ಆ ಕಡೆ ಕಡಲೆಕಾಯಿ ಮಾರುವವನೊಬ್ಬನೇ ಉಳಿದಿದ್ದ.

ಸಂಜೆ ಮನೆಗೆ ಬಂದು ದೀಪ ಕೂಡ ಹಚ್ಚದೆ ಕೂತೆ. ಪಾಟಿ ಕಾಫಿ ತಂದಳು. ನಡೆದದ್ದು ಹೇಳಿದೆ. "ಎಸ್ರಿಡಿದು ಕೂಗ್ದೆ ಪಾಟಿ" ಅಂದಾಗ ಅವಳ ಕೈ ಬಾಯಿಗೆ ಹೋಯಿತು.

"ಕೇಳಿಸ್ತಾ ಅವ್ನಿಗೆ?"

"ಕೇಳಿಸ್ತು. ನೋಡ್ದ. ಒಂಟೋದ."

ಪಾಟಿ ಲೋಟ ನನ್ನ ಮುಂದೆ ಸರಿಸಿದಳು. ನಾನು ಆಟ ತೆರೆದೆ. "ಎಲೈ ಮೂಢೆ, ಮತ್ತೆ ಬಂದೆಯಾ?" ಅಂದ ಅವನು. ಗೋಪುರ ಹತ್ತಿ, ಮೈಕು ಒತ್ತಿ, ಹೆಸರನ್ನು ಮೆಲ್ಲಗೆ ಹೇಳಿದೆ. "ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ" ಎಂದಿತು ಫೋನು. ಪಾಟಿ ಕಡೆ ನೋಡಿದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಕೂಗಮ್ಮಾ" ಅಂದಳು.

ಕೂಗಿದೆ. ಬೀಗ ಹಾಕಿದ ಮನೆಗಳಿಗೆಲ್ಲ ಕೇಳಿಸುವ ಹಾಗೆ ಕೂಗಿದೆ. ಮಾಂತ್ರಿಕ ಗೋಪುರದಿಂದ ಬಿದ್ದ, ಹೀರಿದ್ದ ಬಲವೆಲ್ಲ ಬೆಳಕಾಗಿ ಊರೂರಿಗೆ ಮರಳಿತು, ಬಾಗಿಲು ತೆರೆದು ಜನ ಹೊರಬಂದರು. ಆಮೇಲೆ ಫೋನು ಕಪ್ಪಾಗಿ, ಮನೆಯಲ್ಲಿ ಏನೂ ಸದ್ದಿಲ್ಲ. ಬಂದೆಯಾ ಅಂತ ಕೇಳುತ್ತಿದ್ದವನೂ ಹೋದನಲ್ಲ ಎಂದು ಆಗ ಅಳು ಬಂತು. ಕಾಫಿ ಆರಿಹೋಗಿತ್ತು. ಬಿಸಿ ಮಾಡಿಕೊಂಡು ಬರುತ್ತೇನೆಂದು ಪಾಟಿ ಲೋಟ ತೆಗೆದುಕೊಂಡು ಎದ್ದಳು. ನಾನು ಅವಳ ಸೆರಗು ಹಿಡಿದುಕೊಂಡು, "ಆರಿದ್ರೂ ಪರವಾಗಿಲ್ಲ, ಕೂತ್ಕೋ ಪಾಟಿ" ಅಂದೆ.